ಯೋಗ್ಯಾನುಪಲಬ್ಧಿಯೂ ಕುಡಿಯುವ ನೀರಿನ ವಿಷಪರೀಕ್ಷೆಯೂ

ಬರಿಯ ನೆಲವನ್ನು ಕಂಡು ‘ಇಲ್ಲಿ ಘಟವಿಲ್ಲ’ ಎಂದು ನಿಶ್ಚಯಿಸುವುದಕ್ಕೆ ಭಾಟ್ಟಮೀಮಾಂಸಕರು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನು ಅಂಗೀಕರಿಸಿದರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಒಪ್ಪಿದರು. ಆದರೆ ಅನುಪಲಬ್ಧಿಯು ‘ಯೋಗ್ಯ’ವಾಗಿರತಕ್ಕದ್ದೆಂಬಲ್ಲಿ ಉಭಯರಿಗೂ ಸಮ್ಮತಿಯುಂಟು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವಿಕೆಯು ಅಭಾವವನ್ನು ಸಾಧಿಸುವುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದ ಮಾತ್ರಕ್ಕೆ ಕೊಡವಿಲ್ಲವೆಂದಾಗದು.

ಈ ನಿಯಮವು ಶಾಸ್ತ್ರಗೋಷ್ಠಿಗೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮವು ಸಾಕ್ಷಿಯಾಗಿದೆ. ಕನ್ನಡ ತುಳುಗಳನ್ನಾಡುವ ಆ ಸೀಮೆಯ ಗುಡ್ಡಗಳ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನೆಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. ಕಣಿವೆಯ ಮನೆಗಳಿಗೆ ನೀರು ಅವೇ ಗುಡ್ಡಗಳಲ್ಲಿ ಅಡ್ಡವಾಗಿ ಕೊರೆದ ಸುರಂಗಗಳಿಂದಲೂ ತೋಡುಗಳಿಂದಲೂ ಬರುತ್ತಿತ್ತು. 2001ರಲ್ಲಿ ಒಂದು ಪ್ರಯೋಗಾಲಯವು ಆ ನೀರಿನಲ್ಲಿ ವಿಷಶೇಷವುಂಟೆಂದಿತು, ಮತ್ತೊಂದು ಕಾಣಲಿಲ್ಲವೆಂದಿತು. ಜನರ ರೋಗಗಳಿಗೆ ಕಾರಣವನ್ನು ನಿರ್ಣಯಿಸುವ ವಿವಾದದಲ್ಲಿ ಎರಡು ಮಾತುಗಳೂ ಸಮಬಲವುಳ್ಳವುಗಳೆಂಬಂತೆ ಉದ್ಧರಿಸಲ್ಪಟ್ಟವು.

ಅವು ಸಮಬಲವಲ್ಲ. ಎಂಡೋಸಲ್ಫಾನು ನೀರಿನಲ್ಲಿ ಅತ್ಯಲ್ಪವಾಗಿ ಕರಗುತ್ತದೆ; ಮಣ್ಣಿಗೂ ಕೆಸರಿಗೂ ಅಂಟಿಕೊಳ್ಳುತ್ತದೆ. ಮಳೆ ಬಿದ್ದು ನೀರು ಕದಡಿದಾಗ ಅದು ಹರಿದುಬರುವುದು. ಬೇಸಿಗೆಯ ತಿಳಿನೀರನ್ನು, ಅದರಲ್ಲಿಯೂ ಸೋಸಿದ ನೀರನ್ನು, ಪರೀಕ್ಷಿಸಿದವನಿಗೆ ದೊರೆಯದೆ ಹೋಗಬಹುದು. ಪ್ಲಾಸ್ಟಿಕ್ ಶೀಸೆಯಲ್ಲಿ ತಂದರೆ ಅದರ ಗೋಡೆಗೇ ಹತ್ತಿಕೊಳ್ಳುವ ಸ್ವಭಾವವುಳ್ಳದ್ದಾದುದರಿಂದ ಗಾಜಿನ ಶೀಸೆಯೇ ಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ರೂಪಾಂತರ. ಸಿಂಪಡಿಸಿದ ವಸ್ತುವಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳುಂಟು. ಮಣ್ಣಿನ ಸೂಕ್ಷ್ಮಜೀವಿಗಳು ಇವನ್ನು ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೂಲಕ್ಕಿಂತ ದೀರ್ಘಕಾಲ ಉಳಿಯತಕ್ಕದ್ದು. ಮೊದಲಿನ ಎರಡನ್ನು ಮಾತ್ರ ಹುಡುಕಿ ‘ಇಲ್ಲ’ವೆನ್ನುವುದು ಮೊಸರಾದ ಮೇಲೆ ಪಾತ್ರೆಯಲ್ಲಿ ಹಾಲಿಲ್ಲವೆಂದು ಸಮಾಧಾನಪಟ್ಟಂತೆ.

ಇನ್ನು ಯಂತ್ರದ ಕಣ್ಣಿನ ಮಾತು. ನೀರಿನಿಂದ ವಿಷಾಂಶವನ್ನು ದ್ರಾವಕದಿಂದ ಬೇರ್ಪಡಿಸಿ ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಉಪಕರಣದಲ್ಲಿ ಅಳೆಯುತ್ತಾರೆ. ಪ್ರತಿಯೊಂದು ಉಪಕರಣಕ್ಕೂ ತಾನು ಕಾಣಬಲ್ಲ ಕನಿಷ್ಠ ಪ್ರಮಾಣವೊಂದಿರುತ್ತದೆ. ಭಾರತೀಯ ಮಾನಕವು (2012ರ ಪರಿಷ್ಕರಣ) ಮೂರು ರೂಪಗಳನ್ನೂ ಸೇರಿಸಿ ಲೀಟರಿಗೆ 0.4 ಮೈಕ್ರೋಗ್ರಾಂ ಎಂಬ ಮಿತಿಯನ್ನು ವಿಧಿಸಿದೆ. ಯೂರೋಪಿನಲ್ಲಿ ಸಾಮಾನ್ಯವಾಗಿ ಒಂದೊಂದು ಕೀಟನಾಶಕಕ್ಕೆ 0.1. ಲೀಟರಿಗೆ 1 ಮೈಕ್ರೋಗ್ರಾಮಿಗಿಂತ ಕಡಿಮೆಯಾದುದನ್ನು ಕಾಣಲಾರದ ಉಪಕರಣವು ‘ಪತ್ತೆಯಾಗಿಲ್ಲ’ ಎಂದರೆ, ಮಿತಿಯ ಎರಡರಷ್ಟು ವಿಷವಿರುವ ನೀರೂ ಆ ಮಾತಿನೊಳಗೆ ಅಡಗಿರಬಹುದು. (ಅದನ್ನೇ ಪಟ್ಟಿಯಲ್ಲಿ ಸೊನ್ನೆಯೆಂದು ಬರೆಯುವ ಗುಮಾಸ್ತರೂ ಇಲ್ಲದಿಲ್ಲ.)

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಎಂಡೋಸಲ್ಫಾನಿನ ಉತ್ಪಾದನೆ ಮಾರಾಟಗಳನ್ನು ತಡೆಯಿತು. ಬೇರೆ ಕೀಟನಾಶಕಗಳ ಪರೀಕ್ಷಾಪತ್ರಗಳು ಈಗಲೂ ಬರುತ್ತಿವೆ. ಅವುಗಳಲ್ಲಿ ‘ಪತ್ತೆಯಾಗಿಲ್ಲ’ ಎಂಬುದರ ಪಕ್ಕದಲ್ಲಿ ಉಪಕರಣದ ಕನಿಷ್ಠ ಮಿತಿ, ಹುಡುಕಿದ ರೂಪಗಳು, ನೀರು ತೆಗೆದ ದಿನ, ಅದಕ್ಕೆ ಮುಂಚೆ ಬಿದ್ದ ಮಳೆ—ಇಷ್ಟನ್ನು ನಮೂದಿಸಿದ್ದರೆ ಆ ವಾಕ್ಯವನ್ನು ಯೋಗ್ಯಾನುಪಲಬ್ಧಿಯೆಂದು ಒಪ್ಪಬಹುದು.