ದೂರದ ಓಟದ ದಣಿವಿಗೆ ಅಂಗಮರ್ದನ: ಪಡೆಯುವವರ ನಡೆ ಹೇಗಿರಬೇಕು?

ದುಡಿದು ದಣಿದ ದೇಹವನ್ನು ಮತ್ತೊಬ್ಬರ ಕೈಗೆ ಒಪ್ಪಿಸಿ ಹಗುರಾಗುವ ರೂಢಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬಾಣಂತಿಗೂ ಹಸುಗೂಸಿಗೂ ಎಣ್ಣೆ ತಿಕ್ಕಿ ಎರೆಯುವ ಅಜ್ಜಿಯರು, ಗರಡಿಯ ಮಣ್ಣಿನಲ್ಲಿ ಸೆಣಸಿದ ಪೈಲ್ವಾನರ ಮೈ ತಿಕ್ಕುವ ಜೊತೆಗಾರರು, ಹೊಲದಿಂದ ಬಂದ ಹಿರಿಯರ ಕಾಲೊತ್ತುವ ಮಕ್ಕಳು, ಇವರೆಲ್ಲರನ್ನೂ ನಾವು ಬಲ್ಲೆವು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ಪಾದಾಭ್ಯಂಗಕ್ಕೂ ಮಲ್ಲರ ಕಾಳಗಕ್ಕೂ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ವ್ಯಾಯಾಮವಾದ ಬಳಿಕ ಸುಖವೆನಿಸುವಷ್ಟು ಮೈಯನ್ನು ಎಲ್ಲ ಕಡೆಯಲ್ಲಿಯೂ ತಿಕ್ಕಿಸಿಕೊಳ್ಳಬೇಕೆಂದು ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದಲ್ಲಿ ವಿಧಿಸಿದ್ದಾರೆ.

ಆದರೆ ಇತ್ತೀಚಿನ ದಶಕಗಳಲ್ಲಿ ಈ ಹಳೆಯ ಉಪಚಾರವು ಹೊಸದೊಂದು ಎಡೆಯಲ್ಲಿ ಕಾಣಿಸಿಕೊಂಡಿದೆ. ೨೦೦೪ರಲ್ಲಿ ಮುಂಬಯಿಯ ಮ್ಯಾರಥಾನ್, ೨೦೦೮ರಲ್ಲಿ ಬೆಂಗಳೂರಿನ ೧೦ ಕಿ.ಮೀ. ಓಟ ಆರಂಭವಾದವು. ಅಂದಿನಿಂದ ನಮ್ಮ ಮನೆಗಳ ಮಕ್ಕಳು, ಸೊಸೆಯಂದಿರು, ನಿವೃತ್ತರಾದ ಹಿರಿಯರು ಸಹ ನಸುಕಿನಲ್ಲೆದ್ದು ಓಡುವುದು ಸಾಮಾನ್ಯವಾಗಿದೆ. ಇಂತಹ ದೊಡ್ಡ ಓಟಗಳ ಕೊನೆಯಲ್ಲಿ ಹಲವೆಡೆ ಒಂದು ಗುಡಾರವಿರುತ್ತದೆ. ಅಲ್ಲಿ ಸಾಲಾಗಿ ಮೇಜುಗಳು. ಪ್ರತಿ ಮೇಜಿನ ಬಳಿಯಲ್ಲಿಯೂ ದಣಿದವರ ಕಾಲನ್ನು ತಿಕ್ಕಿ ಸಡಿಲಿಸುವ ಒಬ್ಬರು. ಪಡೆಯುವವರು ಯಾರೋ, ನೀಡುವವರು ಯಾರೋ. ಅಪರಿಚಿತರಿಬ್ಬರ ನಡುವಿನ ಈ ಹತ್ತು ನಿಮಿಷಗಳಲ್ಲಿ ಹೇಗೆ ವರ್ತಿಸಬೇಕೆಂಬುದನ್ನು ನಮ್ಮ ಹಿರಿಯರಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡುವ ಪ್ರಸಂಗವೂ ಅವರಿಗೆ ಒದಗಿರಲಿಲ್ಲ. ಆದುದರಿಂದ ಆ ವಿಷಯವನ್ನು ಇಲ್ಲಿ ಕೊಂಚ ವಿವರವಾಗಿ ವಿಚಾರಿಸೋಣ.

ಗರಡಿಯ ಋಣ, ಗುಡಾರದ ಋಣ

ಗರಡಿಯ ಪದ್ಧತಿಯಲ್ಲಿ ಒಂದು ಸೊಗಸಾದ ಸಮತೋಲನವಿದೆ. ಇಂದು ತಿಕ್ಕಿಸಿಕೊಂಡವನು ನಾಳೆ ಜೊತೆಗಾರನ ಮೈಯನ್ನು ತಿಕ್ಕುತ್ತಾನೆ. ಕಿರಿಯನು ಉಸ್ತಾದರ ಕಾಲನ್ನು ಒತ್ತುತ್ತಾನೆ. ಉಸ್ತಾದರು ಅವನಿಗೆ ಪಟ್ಟುಗಳನ್ನು ಕಲಿಸುತ್ತಾರೆ. ಕೊಟ್ಟದ್ದು, ಪಡೆದದ್ದು ಅಲ್ಲಿಯೇ ಸರಿಹೋಗುತ್ತದೆ. ಓಟದ ಗುಡಾರದಲ್ಲಿ ಹಾಗಲ್ಲ. ಓಡಿದವನು ಕಾಲು ಚಾಚಿ ಮಲಗುತ್ತಾನೆ, ಹಗುರಾಗಿ ಎದ್ದು ಹೋಗುತ್ತಾನೆ. ತನ್ನ ಕಾಲನ್ನು ಮುಟ್ಟಿದವರನ್ನು ಅವನು ಮತ್ತೆ ಕಾಣುವುದು ವಿರಳ. ಅವರ ಋಣವನ್ನು ತೀರಿಸಲು ಅವನಿಗೆ ಬೇರೆ ದಾರಿಯಿಲ್ಲ. ಒಳ್ಳೆಯ ನಡತೆಯೊಂದೇ ಅಲ್ಲಿನ ಪ್ರತಿಫಲ. ಗುಡಾರದ ಶಿಷ್ಟಾಚಾರವೆಲ್ಲ ಹುಟ್ಟುವುದು ಈ ಒಂದು ಅರಿವಿನಿಂದಲೇ.

ಆ ಮೇಜಿನ ಬಳಿ ನಿಂತವರು ಯಾರೆಂಬುದನ್ನೂ ತಿಳಿಯಬೇಕು. ಬಹಳ ಕಡೆ ಅವರು ಫಿಸಿಯೋಥೆರಪಿ ಕಲಿಯುತ್ತಿರುವ ವಿದ್ಯಾರ್ಥಿಗಳು ಅಥವಾ ಅದನ್ನು ಕಲಿತು ವೃತ್ತಿಯಲ್ಲಿರುವವರು. ಓಟಗಾರರು ಬರುವುದಕ್ಕೆ ಮೊದಲೇ ಬಂದು, ಕಡೆಯ ಓಟಗಾರನು ಮುಗಿಸುವವರೆಗೂ ನಿಂತೇ ಇರುತ್ತಾರೆ. ನೂರಾರು ಕಾಲುಗಳನ್ನು ತಿಕ್ಕುವ ಅವರ ಹೆಬ್ಬೆರಳಿಗೂ ಸೊಂಟಕ್ಕೂ ನೋವಿಲ್ಲದಿಲ್ಲ. ಓಡಿದವರ ಕೊರಳಿಗೆ ಪದಕ ಬೀಳುತ್ತದೆ. ಇವರ ಕೊರಳಿಗೆ ಏನೂ ಇಲ್ಲ.

ಮೊದಲು ವೈದ್ಯರು, ಅನಂತರ ಮರ್ದನ

ಮ್ಯಾರಥಾನ್ ಓಟವೆಂದರೆ ೪೨.೧೯೫ ಕಿ.ಮೀ. ೧೯೦೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ ಈ ದೂರವೇ ೧೯೨೧ರಲ್ಲಿ ಅಧಿಕೃತವಾಯಿತು. ಅದೇ ೧೯೨೧ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆರಂಭವಾದ ಕಾಮ್ರೇಡ್ಸ್ ಓಟವು ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವಣ ಸುಮಾರು ೯೦ ಕಿ.ಮೀ. ದೂರದ್ದು. ಇಷ್ಟು ದೂರ ಓಡಿದ ದೇಹವು ಕೇವಲ ದಣಿದಿರುವುದಿಲ್ಲ. ಕೆಲವೊಮ್ಮೆ ಅಪಾಯದ ಅಂಚಿನಲ್ಲಿರುತ್ತದೆ. ಆದುದರಿಂದ ಮರ್ದನದ ಸಾಲಿಗೆ ಸೇರುವ ಮುನ್ನ ತನ್ನನ್ನು ತಾನೇ ವಿಚಾರಿಸಿಕೊಳ್ಳುವುದು ಮೊದಲ ಕರ್ತವ್ಯ.

ತಲೆ ತಿರುಗುವುದು, ಮಾತು ತಡವರಿಸುವುದು, ದಿಕ್ಕು ತಿಳಿಯದಂತಾಗುವುದು, ಮೈ ಕೆಂಡದಂತೆ ಕಾಯುವುದು ಉಷ್ಣಾಘಾತದ ಲಕ್ಷಣಗಳಾಗಿರಬಹುದು. ಆಗ ದೇಹದೊಳಗಿನ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ; ಕೂಡಲೇ ತಣ್ಣೀರಿನಿಂದ ಮೈಯನ್ನು ತಂಪುಗೊಳಿಸಬೇಕೇ ಹೊರತು ತಿಕ್ಕುತ್ತ ಕೂರಬಾರದು. ದಾರಿಯುದ್ದಕ್ಕೂ ಅತಿಯಾಗಿ ನೀರು ಕುಡಿದವರ ರಕ್ತದಲ್ಲಿ ಸೋಡಿಯಂ ಅಂಶ ಕುಸಿದು ತಲೆನೋವು, ವಾಕರಿಕೆ, ಗೊಂದಲ ಉಂಟಾಗುವುದುಂಟು. ಎದೆನೋವು, ಉಸಿರಾಟದ ಕಷ್ಟ, ಊರಲಾಗದ ಪಾದ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಮತ್ತು ನೋವು, ಇವುಗಳಲ್ಲಿ ಯಾವುದಿದ್ದರೂ ಹೋಗಬೇಕಾದುದು ವೈದ್ಯರ ಬಳಿಗೆ. ಮೀನಖಂಡದ ಆ ಬಾವು ರಕ್ತ ಹೆಪ್ಪುಗಟ್ಟಿದುದರ ಗುರುತಾಗಿದ್ದರೆ, ಅದನ್ನು ತಿಕ್ಕಿಸುವುದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಓಟದ ಮರುದಿನಗಳಲ್ಲಿ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಸಂಭವವಿದೆ. ಆಗ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಆಸ್ಪತ್ರೆಗೆ ಧಾವಿಸಬೇಕು.

‘ಮೊದಲು ಕಾಲು ತಿಕ್ಕಿಸಿಕೊಂಡು ಆಮೇಲೆ ಡಾಕ್ಟರನ್ನು ನೋಡಿದರಾಯಿತು’ ಎಂಬ ಉದಾಸೀನವು ಮರ್ದನ ಮಾಡುವವರ ಮೇಲೆ ಸಲ್ಲದ ಹೊಣೆಯನ್ನು ಹೊರಿಸಿದಂತೆ. ಅವರು ‘ನೀವು ಮೊದಲು ವೈದ್ಯರನ್ನು ಕಾಣಿರಿ’ ಎಂದು ಹೇಳಿದರೆ ಮುನಿಸಿಕೊಳ್ಳದೆ ಪಾಲಿಸಬೇಕು.

ಸಾಲಿನಲ್ಲಿ ನಿಲ್ಲುವ ಮುನ್ನ

ಓಟ ಮುಗಿದೊಡನೆ ಗಕ್ಕನೆ ನಿಲ್ಲಬಾರದು, ಓಡಿಬಂದು ಮೇಜಿನ ಮೇಲೆ ಬೀಳಲೂಬಾರದು. ಕಾಲುಗಳಲ್ಲಿ ತುಂಬಿದ ರಕ್ತ ಮೇಲಕ್ಕೆ ಮರಳಲು ಹತ್ತು ಹದಿನೈದು ನಿಮಿಷವಾದರೂ ಮೆಲ್ಲಗೆ ನಡೆದಾಡಬೇಕು. ನಾಲ್ಕು ಗುಟುಕು ನೀರು, ಏನಾದರೂ ಒಂದಿಷ್ಟು ಆಹಾರ, ಸಾಧ್ಯವಾದರೆ ಒಣಬಟ್ಟೆ, ಇವಿಷ್ಟೂ ಆದ ಮೇಲೆ ಗುಡಾರದ ಕಡೆಗೆ ಹೆಜ್ಜೆಯಿಡುವುದು ಸರಿ.

ಶುಚಿತ್ವವೆಂಬುದು ಇಲ್ಲಿ ಬಹುಮುಖ್ಯ. ಓಟಗಾರನ ಕಾಲಿನ ಮೇಲೆ ಬೆವರು, ಉಪ್ಪು, ಧೂಳು, ಉಜ್ಜಿಕೊಳ್ಳದಂತೆ ಬಳಿದ ಜಿಡ್ಡು ಎಲ್ಲವೂ ಇರುತ್ತವೆ. ಅದನ್ನು ಹಾಗೆಯೇ ಮತ್ತೊಬ್ಬರ ಕೈಗೆ ಒಪ್ಪಿಸುವುದು ಅಸಭ್ಯ. ನೀರಿದ್ದರೆ ತೊಳೆದುಕೊಳ್ಳಬೇಕು, ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಕಾಲುಚೀಲ, ಬೂಟುಗಳನ್ನು ತಾನೇ ಬಿಚ್ಚಿಕೊಳ್ಳಬೇಕು. ಬಗ್ಗಲು ಆಗದಷ್ಟು ಬಳಲಿದ್ದರೆ ಸಂಗಡ ಬಂದವರ ನೆರವನ್ನು ಕೋರಬಹುದು. ಒಡೆದ ಬೊಕ್ಕೆ, ತರಚಿದ ಗಾಯ, ಚರ್ಮದ ಸೋಂಕು ಇದ್ದರೆ ಮುಚ್ಚಿಕೊಂಡು, ಮೊದಲೇ ತಿಳಿಸಬೇಕು. ನಿಮ್ಮ ಬಳಿಕ ಅದೇ ಕೈಗಳು ಮತ್ತೊಬ್ಬರನ್ನು ಮುಟ್ಟಲಿವೆ.

ಇನ್ನು ಸರದಿಯ ಮಾತು. ಎರಡು ಗಂಟೆ ಓಡಿದವನೂ ಆರು ಗಂಟೆ ಓಡಿದವನೂ ಸಾಲಿನಲ್ಲಿ ಸಮಾನರು. ನೌಕರಿಯ ಹುದ್ದೆ, ವಯಸ್ಸು, ಸಂಘಟಕರ ಪರಿಚಯ ಇವುಗಳ ಬಲದಿಂದ ಮುಂದೆ ನುಸುಳುವುದು ನಾಚಿಕೆಗೇಡು. ಓಡದೆ ಕೇವಲ ನೋಡಲು ಬಂದ ಬಂಧುಗಳು ‘ನನಗೂ ಸೊಂಟ ನೋವು’ ಎಂದು ಮೇಜನ್ನೇರುವುದು ಇನ್ನೂ ದೊಡ್ಡ ತಪ್ಪು. ಒಬ್ಬರಿಗೆ ಇಷ್ಟು ನಿಮಿಷವೆಂದು ಗೊತ್ತುಮಾಡಿದ್ದರೆ ಅಷ್ಟಕ್ಕೇ ತೃಪ್ತರಾಗಬೇಕು. ‘ಇನ್ನೊಂದು ಸ್ವಲ್ಪ, ಈ ಕಡೆಗೊಂದಿಷ್ಟು’ ಎಂದು ಬೇಡುವವನು ಹಿಂದೆ ನಿಂತವನ ಪಾಲನ್ನು ಕಸಿಯುತ್ತಾನೆ.

ಮೇಜಿನ ಮೇಲೆ

ವೈದ್ಯನ ಮುಂದೆ ಮುಚ್ಚಿಡಬಾರದೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಎಲ್ಲಿ ನೋಯುತ್ತಿದೆ, ಹಿಂದೆ ಶಸ್ತ್ರಚಿಕಿತ್ಸೆಯಾಗಿದೆಯೇ, ರಕ್ತ ತೆಳುವಾಗಿಸುವ ಔಷಧಿ ನಡೆದಿದೆಯೇ, ಗರ್ಭಿಣಿಯೇ, ಯಾವ ಎಣ್ಣೆ ಒಗ್ಗದು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಒತ್ತಡ ಹೆಚ್ಚಾದರೆ ‘ಸ್ವಲ್ಪ ಮೆಲ್ಲಗೆ ಮಾಡಿರಿ’ ಎನ್ನಲು ಸಂಕೋಚಪಡಬೇಕಿಲ್ಲ. ಹಲ್ಲು ಕಚ್ಚಿ ಸಹಿಸಿದರೆ ಹೆಚ್ಚು ಗುಣ ಸಿಕ್ಕುತ್ತದೆಂಬುದು ಬರಿಯ ಭ್ರಮೆ. ದೂರದ ಓಟದಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿದಿರುತ್ತವೆ. ಓಟದ ದಿನ ಹಗುರವಾದ ಮರ್ದನವೇ ಯುಕ್ತ. ಗಟ್ಟಿಯಾಗಿ ಒತ್ತಿಸಿಕೊಳ್ಳಬೇಕೆನಿಸಿದರೆ ನೋವು ಇಳಿಯುವವರೆಗೆ ಕೆಲವು ದಿನ ಕಾಯುವುದು ಮೇಲು. ‘ಸುಖವೆನಿಸುವಷ್ಟು’ ಎಂಬ ವಾಗ್ಭಟರ ಅಳತೆ ಇಂದಿಗೂ ಸರಿಯಾದುದೇ.

ಪವಾಡವನ್ನು ನಿರೀಕ್ಷಿಸುವುದೂ ಒಂದು ಬಗೆಯ ಅವಿವೇಕ. ಮರ್ದನವು ಕಾಲಿನಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆಂದು ಹಲವರು ನಂಬಿದ್ದಾರೆ. ಆ ಆಮ್ಲವು ವಿಶ್ರಾಂತಿಯಲ್ಲಿ ಸುಮಾರು ಒಂದು ಗಂಟೆಯೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ೨೦೧೨ರಲ್ಲಿ ಕೆನಡದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ೧೧ ಮಂದಿ ಯುವಕರನ್ನು ವ್ಯಾಯಾಮದಿಂದ ಬಳಲಿಸಿ, ಒಂದು ಕಾಲಿಗೆ ಮಾತ್ರ ೧೦ ನಿಮಿಷ ಮರ್ದನ ಮಾಡಿಸಿ, ಎರಡೂ ಕಾಲುಗಳ ಸ್ನಾಯುವನ್ನು ಪರೀಕ್ಷಿಸಿದರು. ಮರ್ದನವಾದ ಕಾಲಿನಲ್ಲಿ ಉರಿಯೂತದ ಸೂಚನೆಗಳು ತಗ್ಗಿದ್ದವು. ಲ್ಯಾಕ್ಟಿಕ್ ಆಮ್ಲದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಅನೇಕ ಅಧ್ಯಯನಗಳನ್ನು ೨೦೨೦ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಕಂಡುಬಂದುದು ಇಷ್ಟೇ: ಮರ್ದನದಿಂದ ಓಟದ ಸಾಮರ್ಥ್ಯವೇನೂ ಹೆಚ್ಚುವುದಿಲ್ಲ, ಆದರೆ ಮರುದಿನಗಳ ಮೈನೋವು ಸ್ವಲ್ಪಮಟ್ಟಿಗೆ ಕಡಿಮೆಯಾಗುತ್ತದೆ. ಆ ನೋವು ಒಂದರಿಂದ ಮೂರು ದಿನಗಳೊಳಗೆ ತುದಿಗೇರಿ ಇಳಿಯುವುದು ಸಹಜ. ‘ನಿನ್ನೆ ತಿಕ್ಕಿಸಿಕೊಂಡರೂ ಇಂದು ಮೆಟ್ಟಿಲು ಇಳಿಯಲಾಗುತ್ತಿಲ್ಲ’ ಎಂದು ತಿಕ್ಕಿದವರನ್ನು ದೂರುವುದು ನ್ಯಾಯವಲ್ಲ.

ಮಾನಮರ್ಯಾದೆಯ ವಿಷಯವನ್ನು ಸ್ಪಷ್ಟವಾಗಿಯೇ ಹೇಳಬೇಕು. ಓಟದ ಉಡುಪನ್ನು ತೆಗೆಯದೆ ಕಾಲು, ಬೆನ್ನು, ಭುಜಗಳಿಗೆ ಮಾತ್ರ ಮರ್ದನ ಪಡೆಯುವುದು ಗುಡಾರಕ್ಕೆ ತಕ್ಕ ರೀತಿ. ಹೆಣ್ಣುಮಕ್ಕಳು ತಮಗೆ ಹೆಣ್ಣುಮಕ್ಕಳೇ ಮರ್ದನ ಮಾಡಲೆಂದು ಕೇಳಬಹುದು. ಅದಕ್ಕಾಗಿ ಕಾಯಬೇಕಾದರೆ ಕಾಯಬಹುದು. ಬೇಡವೆನಿಸಿದ ಕ್ಷಣದಲ್ಲಿ ‘ಸಾಕು’ ಎನ್ನಲೂಬಹುದು. ಮುಟ್ಟುವವರ ಕೈ ಎಲ್ಲೆ ಮೀರಿತೆಂದರೆ ಸುಮ್ಮನಿರದೆ ಸಂಘಟಕರಿಗೆ ತಿಳಿಸಬೇಕು. ಅಂತೆಯೇ ಪಡೆಯುವವರ ಮಾತು, ನೋಟ, ಚೇಷ್ಟೆಗಳು ಎಲ್ಲೆ ಮೀರಿದರೆ ಮರ್ದನವನ್ನು ಅಲ್ಲಿಗೇ ನಿಲ್ಲಿಸುವ ಹಕ್ಕು ಮಾಡುವವರಿಗೂ ಇದೆ. ಸೇವೆಗೆ ನಿಂತ ಕಾಲೇಜು ಹುಡುಗಿಯ ಬಳಿ ಹಗುರವಾದ ಮಾತನಾಡುವುದು, ಆಕೆಯ ದೂರವಾಣಿ ಸಂಖ್ಯೆಯನ್ನು ಕೇಳುವುದು ಎಷ್ಟು ಮಾತ್ರಕ್ಕೂ ಸಲ್ಲದು. ಮಲಗಿರುವ ಇತರರು ಚಿತ್ರದಲ್ಲಿ ಬರುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯುವುದೂ ಹಾಗೆಯೇ.

ನಮ್ಮವರಿಗೇ ವಿಶೇಷವಾದ ಇನ್ನೊಂದು ಸಂಕೋಚವಿದೆ. ಪಾದವನ್ನು ಮುಟ್ಟುವುದು ನಮ್ಮಲ್ಲಿ ಗೌರವದ ಗುರುತು. ಇಪ್ಪತ್ತರ ತರುಣನ ಪಾದವನ್ನು ಐವತ್ತು ದಾಟಿದವರೊಬ್ಬರು ಹಿಡಿದಾಗ ಅವನಿಗೆ ಮುಜುಗರವಾಗುವುದು ಸಹಜ, ಆಗಬೇಕಾದುದೂ ಹೌದು. ಅದಕ್ಕೆ ಪರಿಹಾರ ಕಾಲನ್ನು ಎಳೆದುಕೊಳ್ಳುವುದಲ್ಲ. ಮಲಗುವ ಮುನ್ನ ಕೈಜೋಡಿಸಿ ನಮಸ್ಕರಿಸಿ, ‘ತಮಗೆ ತೊಂದರೆ ಕೊಡುತ್ತಿದ್ದೇನೆ’ ಎಂದು ಒಂದು ಮಾತು ಹೇಳಿದರೆ ಸಾಕು. ಇಬ್ಬರ ಮನಸ್ಸೂ ಹಗುರಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಾಲು ಒತ್ತುವವರು ತನಗಿಂತ ಕೀಳೆಂಬ ಭಾವನೆ ಮನಸ್ಸಿನ ಮೂಲೆಯಲ್ಲಿಯೂ ಇದ್ದರೆ ಅಂತಹವನು ಎಷ್ಟು ದೂರ ಓಡಿದರೂ ಏನನ್ನೂ ಗೆದ್ದಂತಾಗಲಿಲ್ಲ.

ಎದ್ದ ಬಳಿಕ

ಮರ್ದನ ಮುಗಿದಾಗ ತಟ್ಟನೆ ಏಳದೆ ಮೊದಲು ಕುಳಿತು, ಅನಂತರ ನಿಲ್ಲಬೇಕು. ದಣಿದವರಿಗೆ ಎದ್ದೊಡನೆ ಕಣ್ಣು ಕತ್ತಲೆ ಬರುವುದುಂಟು. ತನ್ನ ಟವೆಲು, ಖಾಲಿ ಬಾಟಲಿಗಳನ್ನು ತಾನೇ ತೆಗೆದುಕೊಂಡು ಮೇಜನ್ನು ತೆರವು ಮಾಡಬೇಕು. ಹಣ ಕೊಡಬೇಕೇ ಎಂಬ ಪ್ರಶ್ನೆ ಹಲವರಿಗಿದೆ. ಹಣ ಪಡೆದು ಮರ್ದನ ಮಾಡುವ ಕಡೆ ನಿಗದಿಯಾದುದನ್ನು ಚೌಕಾಸಿ ಮಾಡದೆ ಕೊಡಬೇಕು. ಅಮೆರಿಕದಂತಹ ದೇಶಗಳಲ್ಲಿರುವ ನಮ್ಮ ಮಕ್ಕಳು ಅಲ್ಲಿನ ರೂಢಿಯಂತೆ ಮೇಲೊಂದಿಷ್ಟು ಭಕ್ಷೀಸು ಸೇರಿಸುವುದು ವಾಡಿಕೆ. ಸ್ವಯಂಸೇವಕರಿಗಾದರೆ ಕೈಗೆ ನೋಟು ತುರುಕುವುದು ಅವರ ಸೇವೆಯನ್ನು ಕಿರಿದುಗೊಳಿಸಿದಂತೆ. ಹುಂಡಿಯಿಟ್ಟಿದ್ದರೆ ಅದರಲ್ಲಿ ಹಾಕಬಹುದು. ಅವರ ಹೆಸರನ್ನು ಕೇಳಿ, ಆ ಹೆಸರು ಹಿಡಿದು ವಂದನೆ ಹೇಳುವುದು ನೋಟಿಗಿಂತ ಹೆಚ್ಚಿನದು.

ತಂದೆತಾಯಂದಿರು ಓಟಕ್ಕೆ ಹೊರಟ ಮಕ್ಕಳ ಚೀಲದಲ್ಲಿ ಒಂದು ಒಣ ಟವೆಲನ್ನೂ ಒಂದು ಜೊತೆ ಬಟ್ಟೆಯನ್ನೂ ಇಟ್ಟು, ಮೇಲಿನ ನಾಲ್ಕು ಮಾತನ್ನು ಕಿವಿಗೆ ಹಾಕಿ ಕಳುಹಿಸಲಿ. ಓಡುವ ಹವ್ಯಾಸವುಳ್ಳವರು ಮತ್ತೊಂದು ಸಂಕಲ್ಪವನ್ನೂ ಮಾಡಬಹುದು. ವರ್ಷಕ್ಕೆ ಒಂದು ಓಟದಲ್ಲಾದರೂ ಓಡದೆ, ಗುಡಾರದ ಬಳಿ ನೀರು ಕೊಡುವುದಕ್ಕೋ ಸಾಲನ್ನು ನೋಡಿಕೊಳ್ಳುವುದಕ್ಕೋ ಹಾಸು ಬದಲಿಸುವುದಕ್ಕೋ ನಿಲ್ಲುವುದು. ಮರ್ದನದ ವಿದ್ಯೆ ಬಾರದಿದ್ದರೂ ಈ ಕೆಲಸ ಯಾರಿಗಾದರೂ ಬರುತ್ತದೆ. ಗರಡಿಯಲ್ಲಿ ತಾನಾಗಿಯೇ ತೀರುತ್ತಿದ್ದ ಋಣವು ಗುಡಾರದಲ್ಲಿಯೂ ಹೀಗೆ ತೀರೀತು.