ನಿದ್ದೆಯಿಂದೇಳುವ ಆರ್ಕಿಡ್‌ಗೆ ಮೊದಲ ನೀರು

ಶಿವರಾತ್ರಿಗೆ ಚಳಿಯು ಶಿವ ಶಿವ ಎನ್ನುತ್ತ ಹೊರಟುಹೋಗುತ್ತದೆಂಬ ಹಿರಿಯರ ಮಾತು ನಿಜವಾಗಿ, ಬೀದರದ ಅಂಗಳಗಳಲ್ಲಿ ಬಿಸಿಲು ದಿನದಿಂದ ದಿನಕ್ಕೆ ಬಲಿಯತೊಡಗಿದಾಗ, ಡೆಂಡ್ರೋಬಿಯಮ್ ಕುಲದ, ಚಳಿಗಾಲದಲ್ಲಿ ಎಲೆಯುದುರಿಸುವ ಆರ್ಕಿಡ್‌ಗಳನ್ನು ಸಾಕಿದವರೆಲ್ಲರ ಮನಸ್ಸಿನಲ್ಲಿಯೂ ಏಳುವ ಪ್ರಶ್ನೆ ಒಂದೇ: ದೀಪಾವಳಿಯಿಂದೀಚೆಗೆ ನೀರನ್ನು ಕಡಿಮೆಮಾಡಿಸಿಕೊಂಡು, ಎಲೆಯುದುರಿಸಿ, ಬರಿಯ ಕಾಂಡಗಳಾಗಿ ನಿಂತಿರುವ ಈ ಸಸ್ಯಕ್ಕೆ ಮತ್ತೆ ಧಾರಾಳವಾಗಿ ನೀರೆರೆಯುವುದು ಯಾವಾಗ? ಉತ್ತರವನ್ನು ತಾರೀಖಿನಲ್ಲಿ ಹುಡುಕುವುದು ವ್ಯರ್ಥ. ಅದು ಗಿಡದ ಬುಡದಲ್ಲಿ, ಹೊಸದಾಗಿ ಹೊರಡುವ ಬೇರಿನ ತುದಿಯಲ್ಲಿದೆ.

ಈ ಸಸ್ಯಗಳ ವಿಶ್ರಾಂತಿಯು ಅವುಗಳ ಜನ್ಮಭೂಮಿಯ ಋತುಚಕ್ರದಿಂದ ಬಂದುದು. ಸಿಕ್ಕಿಮಿನ ರಾಜ್ಯಪುಷ್ಪವೆನಿಸಿದ ಡೆಂಡ್ರೋಬಿಯಮ್ ನೊಬಿಲೆಯು ಹಿಮಾಲಯದ ತಪ್ಪಲಿನದು. ನಮ್ಮ ಸಹ್ಯಾದ್ರಿಯಲ್ಲಿ ಅದರ ಬಂಧುಗಳಾದ ಡೆಂಡ್ರೋಬಿಯಮ್ ಓವೇಟಮ್ ಮತ್ತು ಡೆಂಡ್ರೋಬಿಯಮ್ ಬಾರ್ಬಾಟುಲಮ್‌ಗಳು ಚಳಿಗಾಲದ ದಿನಗಳಲ್ಲಿ ಎಲೆಯಿಲ್ಲದ ಕಾಂಡದ ಮೇಲೆ ಬಿಳಿಯ ಹೂಗೊಂಚಲುಗಳನ್ನು ತಳೆಯುತ್ತವೆ. ಮರದ ಕೊಂಬೆಯನ್ನಪ್ಪಿ ಬೆಳೆದರೂ ಇವು ಬಂದಳಿಕೆಯಂತೆ ಮರದ ರಸವನ್ನು ಹೀರತಕ್ಕವಲ್ಲ. ಮಳೆ, ಮಂಜು, ತೊಗಟೆಯ ಮೇಲೆ ಕೊಳೆತ ಕಸ, ಇಷ್ಟೇ ಅವುಗಳ ಜೀವನಾಧಾರ. ಮಳೆಗಾಲದ ನಾಲ್ಕು ತಿಂಗಳು ಅವಸರದಿಂದ ಬೆಳೆದು, ಗೆಣ್ಣುಗೆಣ್ಣಾದ ಕಾಂಡಗಳಲ್ಲಿ ನೀರನ್ನೂ ಆಹಾರವನ್ನೂ ಸಂಗ್ರಹಿಸಿಟ್ಟುಕೊಂಡು, ಆಕಾಶವು ಬರಿದಾದೊಡನೆ ಆ ಸಂಚಯದ ಮೇಲೆಯೇ ಕಾಲವನ್ನು ತಳ್ಳುವುದು ಅವು ಯುಗಯುಗಗಳಿಂದ ಕಲಿತುಕೊಂಡ ವಿದ್ಯೆ. ಡಿಸೆಂಬರ್ ಜನವರಿಗಳ ರಾತ್ರಿಗಳಲ್ಲಿ ಉಷ್ಣಾಂಶವು 15 ಡಿಗ್ರಿಗಿಂತಲೂ ಕೆಳಗಿಳಿಯುವ ಬೀದರದ ಪ್ರಸ್ಥಭೂಮಿಯು ಈ ವಿಶ್ರಾಂತಿಗೆ ಬಹಳ ಅನುಕೂಲವಾದ ಸ್ಥಳವೆಂದೇ ಹೇಳಬೇಕು. ನೊಬಿಲೆಯ ಗೆಣ್ಣುಗಳಲ್ಲಿ ಮೊಗ್ಗು ಕಟ್ಟುವುದಕ್ಕೆ ಇಂತಹ ತಂಪಿನ, ಒಣಹವೆಯ ವಾರಗಳು ಅವಶ್ಯಕ.

ಆರ್ಕಿಡ್‌ನ ಬೇರನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರಿಗೆ ಮಿಕ್ಕ ವಿಷಯವು ತಾನಾಗಿ ತಿಳಿಯುತ್ತದೆ. ಒಣಗಿರುವಾಗ ಅದು ಬೂದುಬೆಳ್ಳಿಯ ಬಣ್ಣದ್ದು. ಒಂದು ಹನಿ ನೀರು ಬಿದ್ದರೆ ಆ ಹನಿ ಹರಡಿದಷ್ಟು ಭಾಗವು ನೋಡನೋಡುತ್ತಿರುವಂತೆಯೇ ಹಸಿರಾಗುತ್ತದೆ. ವೆಲಾಮೆನ್ ಎಂದು ಕರೆಯಲ್ಪಡುವ ಹೊರಪದರವು ನಿರ್ಜೀವ ಕೋಶಗಳಿಂದಾದುದು. ಗಾಳಿ ತುಂಬಿದಾಗ ಬೆಳ್ಳಗೆ ಕಾಣುವ ಆ ಕೋಶಗಳು ಸ್ಪಂಜಿನಂತೆ ನೀರನ್ನು ಹೀರಿಕೊಂಡು ಪಾರದರ್ಶಕವಾದಾಗ, ಒಳಗಿನ ಪತ್ರಹರಿತ್ತು ಹೊರಕ್ಕೆ ಹೊಳೆಯುತ್ತದೆ. ಹೀರುವುದು ಸತ್ತ ಪದರ, ಅದನ್ನು ಒಳಕ್ಕೆ ಒಯ್ಯುವುದು ಜೀವಂತ ಅಂಗಾಂಶ. ಗಿಡವು ಬೆಳೆಯುತ್ತಿರುವಾಗ ಬೇರಿನ ಕೊನೆಯಲ್ಲಿ ಹಸಿರಾದ, ಕೆಲವು ಜಾತಿಗಳಲ್ಲಿ ಕೆನ್ನೀಲಿಯಾದ, ನುಣುಪಾದ ತುದಿಯೊಂದು ಕಾಣುತ್ತದೆ; ವಿಶ್ರಾಂತಿಯಲ್ಲಿರುವಾಗ ಅದೂ ಬಿಳಿಯ ಪೊರೆಯಿಂದ ಮುಚ್ಚಿಹೋಗುತ್ತದೆ. ಮುಚ್ಚಿದ ತುದಿಗಳ ಆ ಕಾಲದಲ್ಲಿ ದಿನವೂ ನೀರೆರೆದರೆ, ವೆಲಾಮೆನ್ ಹೀರಿದ ನೀರನ್ನು ಬೇಡುವ ಬೆಳವಣಿಗೆ ಒಳಗಿಲ್ಲದೆ, ಗಾಳಿ ಆಡಬೇಕಾದ ಜಾಗದಲ್ಲಿ ನೀರು ನಿಂತು, ಬೇರು ಉಸಿರುಕಟ್ಟಿ, ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ನೀರಿಲ್ಲದೆ ಸತ್ತ ಗಿಡಗಳಿಗಿಂತ ಕರುಣೆಯಿಂದ ಎರೆದ ನೀರಿನಲ್ಲಿ ಕೊಳೆತ ಗಿಡಗಳೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಚಿಗುರು ಕಂಡೊಡನೆ ಎರೆಯಬಹುದಲ್ಲವೆ ಎಂದರೆ, ಅಲ್ಲಿಯೂ ತಾಳ್ಮೆ ಬೇಕು. ಬುಡದಲ್ಲಿ ಮೊದಲು ಮೂಡುವ ಚಿಗುರಿಗೆ ಸ್ವಂತದ ಬೇರಿಲ್ಲ. ಅದು ಬೆಳೆಯುವುದು ಹಳೆಯ ಕಾಂಡಗಳು ಕೂಡಿಟ್ಟ ನೀರಿನಿಂದ. ಆಗ ಮೇಲಿನಿಂದ ಎರೆದ ನೀರು ಎಳೆಯ ಎಲೆಗಳ ಸಂದಿಯಲ್ಲಿ ನಿಂತು ಸುಳಿಯನ್ನೇ ಕೊಳೆಸುತ್ತದೆ. ನೊಬಿಲೆಯಲ್ಲಿ ಇನ್ನೊಂದು ಅಪಾಯವುಂಟು: ಗೆಣ್ಣಿನ ಮೊಗ್ಗುಗಳು ಹೂವಿನ ಮೊಗ್ಗುಗಳೆಂದು ಸ್ಪಷ್ಟವಾಗುವುದಕ್ಕೆ ಮೊದಲೇ ನೀರನ್ನೂ ಗೊಬ್ಬರವನ್ನೂ ಕೊಟ್ಟರೆ, ಅವು ಹೂವಾಗದೆ ಮರಿಗಿಡಗಳಾಗಿ ತಿರುಗುತ್ತವೆ. ಆದ್ದರಿಂದ ಮೊಗ್ಗು ನಿಚ್ಚಳವಾದ ಮೇಲೆ ಅಲ್ಪಸ್ವಲ್ಪ ನೀರು. ಹೊಸ ಚಿಗುರಿನ ಬುಡದಿಂದ ಹೊರಟ ಬೇರು ಎರಡಂಗುಲ ನೀಳವಾದ ಮೇಲೆ ಪೂರ್ಣವಾದ ನೀರು. ಅಮೆರಿಕಾ ಖಂಡದ ಉಷ್ಣವಲಯದ ಕ್ಯಾಟಸೀಟಮ್ ಇನ್ನೂ ಗಾಢವಾಗಿ ನಿದ್ರಿಸತಕ್ಕದ್ದು. ಅದರ ಬೇರು ಮೂರು ನಾಲ್ಕು ಅಂಗುಲವಾಗುವ ತನಕ ಕೈ ತಡೆದಿರುವುದು ಕ್ಷೇಮ. ಕಾಂಡವು ತುಸು ಸುಕ್ಕಾದರೆ ಗಾಬರಿ ಬೇಡ. ಸುಕ್ಕು ಆಳವಾದರೆ ಮಾತ್ರ ಮುಂಜಾನೆ ಹಗುರವಾಗಿ ನೀರು ಚಿಮುಕಿಸಿದರೆ ಸಾಕು.

ಈ ನಿಯಮವು ಎಲ್ಲ ಆರ್ಕಿಡ್‌ಗೂ ಸಲ್ಲುವುದಿಲ್ಲ. ದಖ್ಖಣದ ಬಯಲುಸೀಮೆಯ ಮಾವಿನ ಮರಗಳ ಮೇಲೆ ತಾನಾಗಿ ಬೆಳೆಯುವ ವಾಂಡಾ ಟೆಸ್ಸೆಲೇಟಾಕ್ಕೆ ನೀರು ಕೂಡಿಡುವ ಕಾಂಡವಿಲ್ಲ. ಚಳಿಗಾಲದಲ್ಲಿ ಅದನ್ನು ಪೂರ್ತಿಯಾಗಿ ಒಣಗಿಸುವುದು ತಪ್ಪು. ವಾಂಡಾ ಕುಲದ ದಪ್ಪೆಲೆಯ ಸಸ್ಯಗಳು ಬೇರೊಂದು ಉಪಾಯವನ್ನು ಅವಲಂಬಿಸಿವೆ: ಹಗಲಿನ ತಾಪದಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಬೆಳಗಿನವರೆಗೆ ಕಾದಿರಿಸುತ್ತವೆ. ಟಿಪ್ಪುವಿನ ಪತನದ ತರುವಾಯ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನು, ಕಾಡುಬಸಳೆಯ ಎಲೆಯು ಬೆಳಗ್ಗೆ ಹುಳಿಯಾಗಿಯೂ ನಡುಹಗಲಿಗೆ ರುಚಿಯಿಲ್ಲದೆಯೂ ಸಂಜೆಯ ಕಡೆಗೆ ತುಸು ಕಹಿಯಾಗಿಯೂ ಇರುವುದನ್ನು ನಾಲಗೆಯಿಂದಲೇ ಪರೀಕ್ಷಿಸಿ, ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದನು; 1815ರಲ್ಲಿ ಪ್ರಕಟವಾದ ಆ ಪತ್ರವು ಇದೇ ವ್ಯವಸ್ಥೆಯ ಮೊದಮೊದಲ ಸುಳಿವುಗಳಲ್ಲೊಂದು. ಪ್ರಯೋಗಶಾಲೆಯಿಲ್ಲದೆ ನಡೆದ ಇಂತಹ ನಿರೀಕ್ಷಣೆಯ ಮುಂದೆ ನನಗೆ ಇಂದಿಗೂ ಗೌರವವುಕ್ಕುತ್ತದೆ.

ಬೀದರದವರಿಗೆ ನಿಜವಾದ ಕಷ್ಟವು ಬೇರು ಬಂದ ಅನಂತರ ಆರಂಭವಾಗುತ್ತದೆ. ಗಿಡವೇಳುವುದು ಸಾಮಾನ್ಯವಾಗಿ ಮಾರ್ಚ್ ಏಪ್ರಿಲ್‌ಗಳಲ್ಲಿ. ಮಿರಗಿನ ಮಳೆ ಬರುವುದು ಜೂನಿನಲ್ಲಿ. ಶೀತದೇಶಗಳಿಗಾಗಿ ಬರೆದ ಪುಸ್ತಕಗಳಲ್ಲಿ ವಸಂತವೆಂದರೆ ಮೃದುವಾದ ಬೆಳಕಿನ ಋತು. ನಾಡಿನ ಉತ್ತರದ ತುದಿಯಾದ ಔರಾದದಲ್ಲಿ ಅದೇ ವಸಂತವು ತೊಗಟೆಯನ್ನೂ ಒಣಗಿಸುವ ಬಿಸಿಗಾಳಿಯ ಕಾಲ. ಈ ಅವಧಿಯಲ್ಲಿ ಗಿಡವನ್ನು ನೆರಳುಬಲೆಯ ಕೆಳಗೋ ಪೂರ್ವದ ಪಡಸಾಲೆಯಲ್ಲೋ ಇರಿಸಿ, ಸೂರ್ಯೋದಯದ ಹೊತ್ತಿಗೆ ಬೇರುಗಳು ಪೂರ್ತಿ ಹಸಿರಾಗುವಂತೆ ಎರೆದು, ಅವು ಮತ್ತೆ ಬೆಳ್ಳಗಾಗುವವರೆಗೆ ಎರೆಯದೆ, ಸಂಜೆ ಸುತ್ತಲಿನ ನೆಲವನ್ನು ಮಾತ್ರ ತೋಯಿಸಿ ಗಾಳಿಗೆ ತೇವ ಕೊಡಬೇಕು. ಭಾಲ್ಕಿ, ಔರಾದಗಳ ಎರೆಮಣ್ಣನ್ನು ಕುಂಡಕ್ಕೆ ತುಂಬುವ ಯೋಚನೆಯೇ ಬೇಡ. ಗಾಳಿಯಾಡದ ಆ ಮಣ್ಣು ತೊಗರಿ ಜೋಳಗಳಿಗೆ ಅಮೃತವಾದರೂ ಈ ಬೇರುಗಳಿಗೆ ಮೃತ್ಯು. ಇದ್ದಲು, ಇಟ್ಟಿಗೆಯ ಚೂರು, ಬೀದರದ ರಂಧ್ರರಂಧ್ರವಾದ ಕೆಂಪುಕಲ್ಲಿನ ತುಣುಕುಗಳು ಸಾಕು. ಕೊಳವೆಬಾವಿಯ ಗಡಸುನೀರು ಬೇರಿನ ಮೇಲೆ ಬಿಳಿಯ ಸುಣ್ಣವನ್ನು ಕೂಡಿಸುವುದರಿಂದ, ಹಿಂದಿನ ಮಳೆಗಾಲದಲ್ಲಿ ಹಿಡಿದಿಟ್ಟ ಮಾಳಿಗೆಯ ನೀರಿದ್ದರೆ ಅದೇ ಶ್ರೇಷ್ಠ.

ಬೀದರ, ಭಾಲ್ಕಿ, ಔರಾದಗಳಲ್ಲಿ ಆರ್ಕಿಡ್ ಸಾಕಿರುವ ಮಹನೀಯರು, ಮಹಿಳೆಯರು ಪ್ರತಿವರ್ಷವೂ ಹೊಸ ಬೇರಿನ ಹಸಿರು ತುದಿಯು ಮೊದಲು ಕಂಡ ದಿನವನ್ನೂ, ಧಾರಾಳವಾಗಿ ನೀರೆರೆಯತೊಡಗಿದ ದಿನವನ್ನೂ ಒಂದು ವಹಿಯಲ್ಲಿ ಬರೆದಿಟ್ಟು, ಬೀದರದ ತೋಟಗಾರಿಕೆ ಮಹಾವಿದ್ಯಾಲಯದ ಅಧ್ಯಾಪಕರೊಡನೆ ಹಂಚಿಕೊಳ್ಳಬೇಕೆಂದು ನನ್ನ ಬಿನ್ನಹ. ಹಾಗಾದರೆ ಕೆಲವು ವರ್ಷಗಳಲ್ಲಿಯೇ ಈ ಸೀಮೆಗೆ ಸಲ್ಲುವ ಸ್ವಂತದ ಕ್ರಮವೊಂದು ನಮ್ಮ ಕೈಯಲ್ಲಿರುತ್ತದೆ.