ಉಕ್ಕುವ ಟ್ಯಾಂಕಿಗೊಂದು ಕಾವಲು
ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟವರಿಗೆ, ಮಹಡಿಯ ಟ್ಯಾಂಕು ತುಂಬಿ ನೀರು ರಸ್ತೆಗೆ ಸುರಿಯುವ ಸದ್ದು ಹೊಸದಲ್ಲ. ಮೋಟಾರು ಹಾಕಿದವರು ಮರೆತಿರುತ್ತಾರೆ. ಕಾವೇರಿ ನೀರಾದರೆ ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೇರಿ ಬಂದದ್ದು. ನಿಮಿಷಕ್ಕೆ 35 ಲೀಟರ್ ಎತ್ತುವ ಪಂಪನ್ನು ಅರ್ಧ ಗಂಟೆ ಮರೆತರೆ ಸಾವಿರ ಲೀಟರಿಗೂ ಮಿಕ್ಕಿ ಚರಂಡಿಯ ಪಾಲು.

'ಸ್ಮಾರ್ಟ್ ಹೋಮ್' ಎಂದೊಡನೆ ಜಾಹೀರಾತುಗಳು ತೋರಿಸುವುದು ಮಾತಿಗೆ ಸರಿಯುವ ಪರದೆ, ಬಣ್ಣ ಬದಲಿಸುವ ದೀಪ. (ನಮ್ಮ ಮನೆಯಲ್ಲಿ ಪರದೆ ಸರಿಸಲು ಇಬ್ಬರಿದ್ದೇವೆ, ಸದ್ಯಕ್ಕೆ ಸಾಕು.) ನಿಜಕ್ಕೂ ಬೇಕಾದುದು ನೀರಿನ ಮಟ್ಟ ನೋಡಿ ಮೋಟಾರನ್ನು ತಾನೇ ನಿಲ್ಲಿಸುವ ನಿಯಂತ್ರಕ. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಮೊಬೈಲೂ ಬೇಡ. ಸಂಪಿನಲ್ಲಿ ಇನ್ನೊಂದು ಸಂವೇದಕವನ್ನು ಇಳಿಬಿಟ್ಟರೆ, ನೀರಿಲ್ಲದೆ ಓಡಿ ಮೋಟಾರು ಸುಟ್ಟುಹೋಗುವುದೂ ತಪ್ಪುತ್ತದೆ. ಕೊಳವೆಬಾವಿಯ ಗಡಸು ನೀರಿರುವಲ್ಲಿ ಲೋಹದ ಕಡ್ಡಿಗಳ ಮೇಲೆ ಲವಣ ಕಟ್ಟಿ ಲೆಕ್ಕ ತಪ್ಪುವುದುಂಟು. ಅಲ್ಲಿ ತೇಲುವ ಸ್ವಿಚ್ಚೇ ಮೇಲು.

ಇಷ್ಟು ಸರಳವಾದದ್ದು ಎಲ್ಲ ಮನೆಗಳಲ್ಲಿ ಏಕಿಲ್ಲ? ಬಾಡಿಗೆ ವಠಾರಗಳಲ್ಲಿ ಮೋಟಾರು ಮಾಲೀಕರದು, ನೀರಿನ ಬಿಲ್ಲು ಬಾಡಿಗೆದಾರರದು. ಖರ್ಚು ಒಬ್ಬರಿಗೆ, ಉಳಿತಾಯ ಇನ್ನೊಬ್ಬರಿಗೆ ಎಂದಾದರೆ ಕೊಳ್ಳಲು ಯಾರೂ ಮುಂದಾಗುವುದಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಮಹಡಿಯ ಟ್ಯಾಂಕಿಗೂ ಅಂಥದೊಂದು ನಿಯಮ ತರಲು ಅಡ್ಡಿಯೇನು?